ಹಡಗು ಯಾರಿಗಾಗಿ ಕಾಯಬೇಕು

ಜುಲೈ 6

ಪ್ರೀತಿಯ ಅಪ್ಪ,

ಮೊದಲಿಗೇ ಸಾರಿ. ಈ ಪತ್ರ ಬರೆಯುತ್ತಿರುವುದಕ್ಕೇ ಸಾರಿ. "ನಿನ್ನ ಟೆನ್ಶನ್ನುಗಳನ್ನೆಲ್ಲ ಗಂಟು ಕಟ್ಟಿ ಅಪ್ಪನಿಗೆ ಕಳಿಸಬೇಡ, ಅವರ ಗಾಯ ಈಗಷ್ಟೇ ಮಾಗಿದೆ" ಅಂತ ಅಮ್ಮ ಹೇಳಿದ್ದಾಳೆ. ಹಾಗಾಗಿ ಎರಡು ಸಲ ಬರೆದು ಹರಿದೆ. ಇದರಲ್ಲಿ ಟೆನ್ಶನ್ ಇಲ್ಲ, ಪ್ಲ್ಯಾನ್ ಇದೆ. ಸ್ವಲ್ಪ ಟೆನ್ಶನ್ನೂ ಇದೆ.

ಫೋನ್ ಮಾಡಿದರೆ ನಾನೊಬ್ಬಳೇ ಮಾತಾಡುತ್ತಾ ಹೋಗಬೇಕು, ಆ ಕಡೆ ನೀವು ಚಮಚದಿಂದ ಲೋಟ ತಟ್ಟುತ್ತಾ ಕೂರಬೇಕು. ಮೆಸೇಜ್ ಮಾಡಿದರೆ, "ನಾನು ಓದಿದೆ ಅಂತ ಗೊತ್ತಾದ ಕೂಡಲೇ ನೀನು ಉತ್ತರಕ್ಕೆ ಕಾದು ಕೂರ್ತೀಯ, ನನಗೆ ಯೋಚನೆ ಮಾಡೋಕೆ ಟೈಮೇ ಕೊಡಲ್ಲ" ಅಂತ ಬರೆದಿದ್ದಿರಿ. ಆದ್ದರಿಂದ ಪತ್ರ. ನನ್ನ ಭಾಷೆಯನ್ನು ಸಹಿಸಿಕೊಳ್ಳಿ. ಹಾಸ್ಟೆಲ್ ಸ್ಕೂಲಿನಲ್ಲಿ ಮನೆಮಾತು ಆಡಿದರೆ ಫೈನ್ ಹಾಕುತ್ತಿದ್ದರು. ನನಗೆ ಬರುವ ಮನೆಮಾತಿನಲ್ಲಿ ಅರ್ಧ ರಜೆಗೆ ಬಂದಾಗ ಅಜ್ಜಿ ಬೈದದ್ದು, ಇನ್ನರ್ಧ ಬಸ್‌ಸ್ಟ್ಯಾಂಡಿನ ಮೈಕಿನಲ್ಲಿ ನೀವು ಹೇಳಿದ್ದು. ವಾಪಸ್ ಹಾಸ್ಟೆಲ್ಲಿಗೆ ಹೊರಡುವಾಗ ನನ್ನದು ಯಾವಾಗಲೂ ಬೆಳಗಿನ ಮೊದಲ ಬಸ್ಸು. "ಪ್ರಯಾಣಿಕರ ಗಮನಕ್ಕೆ" ಅಂತ ಶುರುವಾಗಿ, ಕೊನೆಗೆ "ತಲುಪಿದ ಕೂಡಲೇ ಊಟ ಮಾಡಿ" ಅಂತ ಮುಗಿಯುತ್ತಿತ್ತು. ಎಲ್ಲ ಬಸ್ಸಿನವರಿಗೂ ಊಟದ ನೆನಪು ಮಾಡುವ ಬಸ್‌ಸ್ಟ್ಯಾಂಡು ನಮ್ಮದೊಂದೇ ಇರಬೇಕು. ಇಲ್ಲಿಯದು ಬರೀ ಪ್ಲಾಟ್‌ಫಾರ್ಮ್ ನಂಬರ್ ಹೇಳಿ ಬಾಯಿ ಮುಚ್ಚಿಕೊಳ್ಳುತ್ತದೆ.

ಪ್ಲ್ಯಾನ್ ಇದು. ನಮ್ಮ ಕಾಲೇಜಿನ ಹಿಂದೆ ಒಂದು ಮುಚ್ಚಿಹೋದ ನೂಲಿನ ಗಿರಣಿ ಇದೆ. ಅದರೊಳಗೆ ಒಂದು ಹಾಡಿನ ನಾಟಕ ಬಂದಿದೆ. ವೇದಿಕೆ ಇಲ್ಲ, ಪರದೆ ಇಲ್ಲ, ಕೂರಲು ಕುರ್ಚಿಯೂ ಇಲ್ಲ. ಇಡೀ ಗಿರಣಿಯನ್ನೇ ಹೊರಡಲಿರುವ ಹಡಗು ಮಾಡಿದ್ದಾರೆ. ನೋಡಲು ಹೋದ ನಾವೇ ಪ್ರಯಾಣಿಕರು. ಹಾಡುವವರು ನಮ್ಮ ಭುಜ ತಾಗಿಸಿಕೊಂಡೇ ಓಡಾಡುತ್ತಾರೆ. ನಾವು ಅವರ ಹಿಂದೆ ಎಂಜಿನ್ ರೂಮು, ಅಡುಗೆಮನೆ, ಡೆಕ್ಕು ಅಂತ ಎಲ್ಲಿ ಬೇಕಾದರೂ ಹೋಗಬಹುದು. ನೋಡುವವರು ಒಳಗೆ ಮಾತಾಡಕೂಡದು ಅಂತ ಒಂದು ರೂಲ್ ಇದೆ. ಪಿಸುಮಾತೂ ಇಲ್ಲ. ನವೆಂಬರಿನಲ್ಲಿ ನನ್ನ ಪರೀಕ್ಷೆ ಮುಗಿಯುತ್ತದೆ. ನೀವು, ಅಮ್ಮ, ಅಜ್ಜಿ ಮೂವರೂ ಬನ್ನಿ. ನಾಲ್ವರೂ ಒಟ್ಟಿಗೆ ಎಲ್ಲಿಗಾದರೂ ಹೋಗಿ ಎಷ್ಟು ಕಾಲವಾಯಿತು ಅಂತ ಯೋಚಿಸಿದೆ. ಆಸ್ಪತ್ರೆ ಬಿಟ್ಟರೆ ಯಾವುದೂ ನೆನಪಾಗಲಿಲ್ಲ.

ಬೇಡ ಅನ್ನಿಸಿದರೆ ಬೇಡ ಅನ್ನಿ. ನನಗೇನೂ ಬೇಜಾರಿಲ್ಲ. (ಇದೆ.)

ನಿಮ್ಮ
ಚಿಲಕ


ಜುಲೈ 17

ಚಿಲಕಕ್ಕೆ,

ಪ್ರಯಾಣಿಕಳ ಗಮನಕ್ಕೆ: ಪತ್ರ ತಲುಪಿದೆ. ಹಾಸ್ಟೆಲ್ಲಿನಲ್ಲೂ ಮಲಗುವ ಮುಂಚೆ ಮೂರು ಸಲ ಚಿಲಕ ಎಳೆದು ನೋಡುತ್ತೀಯೋ ಅಥವಾ ಜೊತೆಯವಳು ಬೈದು ಬಿಡಿಸಿದಳೋ, ಅದನ್ನು ಬರೆದಿಲ್ಲ.

ನಿನ್ನಮ್ಮ ಪತ್ರವನ್ನು ಅಜ್ಜಿಗೆ ಓದಿ ಹೇಳಿದಳು. "ಕುರ್ಚಿ ಇಲ್ಲದ ನಾಟಕ ಯಾವ ಸೀಮೆ ನಾಟಕವೇ? ದುಡ್ಡೂ ಕೊಟ್ಟು ಕಾಲೂ ನೋಯಿಸಿಕೊಳ್ಳಬೇಕಾ?" ಅಂದಳು. ಆಮೇಲೆ "ಹಡಗಿನಲ್ಲಿ ತಿನ್ನೋಕೆ ಏನಾದ್ರೂ ಕೊಡ್ತಾರಂತಾ?" ಅಂತ ಕೇಳಿದಳು. ಕೊಟ್ಟರೆ ಬರುತ್ತಾಳಂತೆ.

ಯಾರೂ ಮಾತಾಡಕೂಡದು ಅನ್ನುವ ಸಾಲನ್ನು ಅಡುಗೆಮನೆ ಡೆಕ್ಕುಗಳ ಪಕ್ಕದಲ್ಲಿ, ಏನೂ ಅರಿಯದವಳ ಹಾಗೆ, ತುರುಕಿದ್ದೀಯ. ನಾನೂ ಏನೂ ಅರಿಯದವನ ಹಾಗೆ ಓದಿಕೊಂಡೆ.

ಧ್ವನಿಪೆಟ್ಟಿಗೆ ತೆಗೆದ ಮೇಲೆ ನಾನು ಬೀದಿಗೆ ಇಳಿಯುವುದನ್ನು ಬಿಟ್ಟಿದ್ದೇನೆ, ನಿನಗೆ ಗೊತ್ತು. ಇಳಿದರೆ ಯಾರಾದರೂ, "ಏನ್ ಸಾರ್, ಮೈಕು ನಿಮ್ಮನ್ನು ಕೇಳ್ತಾ ಇದೆ" ಅನ್ನುತ್ತಾರೆ. ಆಮೇಲೆ ನನ್ನ ಕತ್ತಿನ ಬಟ್ಟೆ ನೋಡಿ, ಎಲ್ಲಿ ನೋಡಬೇಕೋ ತಿಳಿಯದೆ ತಮ್ಮ ಚಪ್ಪಲಿ ನೋಡುತ್ತಾರೆ. ನನಗಿಂತ ಅವರ ಪಾಡೇ ಕಷ್ಟ. ಊರಿಗೆ ಊರೇ ಬಾಯಿ ಮುಚ್ಚಿಕೊಂಡು ನಿಲ್ಲುವ ಒಂದು ಜಾಗ ಇದೆ ಅನ್ನುತ್ತೀಯ. ಯೋಚಿಸುತ್ತೇನೆ.

ಒಂದು ವಿಚಾರಿಸು. ಹಡಗು ಅಂದಮೇಲೆ ಹೊಗೆ ಬಿಟ್ಟಾರು. ನಾನು ಉಸಿರಾಡುವುದು ಕತ್ತಿನ ತೂತಿನಿಂದ. ಅದಕ್ಕೆ ಹೊಗೆ ಆಗುವುದಿಲ್ಲ.

ಅಪ್ಪ


ಆಗಸ್ಟ್ 3

ಪ್ರೀತಿಯ ಅಪ್ಪ,

ವಿಚಾರಿಸಿದೆ. ಗಿರಣಿಯ ಬಾಗಿಲಲ್ಲಿ ಒಬ್ಬ ಹೆಂಗಸು ಕೂತಿರುತ್ತಾರೆ. ಜನರನ್ನು ಒಳಗೆ ಬಿಡುವುದು, ಹೊರಗೆ ಕರೆಯುವುದು ಎಲ್ಲ ಅವರದ್ದೇ. ಕೊರಳಲ್ಲಿ ಸೀಟಿ ಇರುವುದರಿಂದ ನಾವೆಲ್ಲ ಸೀಟಿ ಮೇಡಂ ಅನ್ನುತ್ತೇವೆ. "ಹೊಗೆ ಎಂಜಿನ್ ರೂಮಲ್ಲಿ ಮಾತ್ರ ಕಣಮ್ಮ. ಆ ಕಡೆ ಹೋಗದಿದ್ರಾಯ್ತು. ಏನು, ಅಪ್ಪಂಗೆ ದಮ್ಮಾ?" ಅಂದರು. "ಹೂಂ, ಆ ಥರಾನೇ" ಅಂದುಬಿಟ್ಟೆ.

ನವೆಂಬರ್ ಹದಿನೈದು, ಶನಿವಾರ ಮಧ್ಯಾಹ್ನದ ಆಟಕ್ಕೆ ನಾಲ್ಕು ಟಿಕೆಟ್ ಬುಕ್ ಮಾಡಿದ್ದೇನೆ. ನೀವಿನ್ನೂ ಒಪ್ಪಿಲ್ಲ, ಗೊತ್ತು. ತುಂಬಿಹೋದರೆ ಅಂತ ಹೆದರಿ ಮಾಡಿದೆ. ಮಾಡಿದ ಮೇಲೆ, ಮಾಡಿಬಿಟ್ಟೆನಲ್ಲ ಅಂತ ಹೆದರಿಕೆ. ಬಸ್ಸು ಲೇಟಾದರೆ? ಶುರುವಾದ ಮೇಲೆ ಒಳಗೆ ಬಿಡುವುದಿಲ್ಲವಂತೆ. ಅಜ್ಜಿ ಕಾಲು ನೋವೆಂದು ನಾಟಕದ ರಾಣಿಯ ಮಂಚದ ಮೇಲೆ ಕೂತುಬಿಟ್ಟರೆ? ನಟರು ಊಟ ಮಾಡುವ ದೃಶ್ಯದಲ್ಲಿ ಅವಳೂ ತಟ್ಟೆಗೆ ಕೈ ಹಾಕಿದರೆ? ರೂಮ್‌ಮೇಟ್ ಅನ್ನುತ್ತಾಳೆ, "ನೀನು ನಾಟಕ ನೋಡೋಕೆ ಹೋಗ್ತಿದ್ದೀಯೋ, ಬಾಂಬ್ ತೆಗೆಯೋಕೋ?" ಅಂತ. ಹೌದು, ಚಿಲಕ ಈಗಲೂ ಮೂರು ಸಲ. ಅವಳು ಬೈಯುತ್ತಾಳೆ, ನಾನು ಎಳೆಯುತ್ತೇನೆ.

ಈ ವಾರ ಅನಾಟಮಿ ಲ್ಯಾಬಿನಲ್ಲಿ ಧ್ವನಿಪೆಟ್ಟಿಗೆಯ ಮಾಡೆಲ್ ಬಿಚ್ಚಿ ಮತ್ತೆ ಜೋಡಿಸಬೇಕಿತ್ತು. ಜೋಡಿಸಿದೆ. ಆದರೆ ಒಂದು ಸಣ್ಣ ಚೂರು ಕೈಯಲ್ಲೇ ಉಳಿಯಿತು. ಸರ್ ನೋಡುವ ಮುಂಚೆ ಪಕ್ಕದವಳು ತೆಗೆದುಕೊಂಡು ಸರಿಯಾದ ಜಾಗಕ್ಕೆ ಸಿಕ್ಕಿಸಿದಳು. ಅಷ್ಟು ಸಣ್ಣದು ಅಪ್ಪ ಅದು. ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದು.

ಆಸ್ಪತ್ರೆಯವರು ಕೊಟ್ಟ ಯಂತ್ರ, ಗಂಟಲಿಗೆ ಒತ್ತಿ ಹಿಡಿದರೆ ಮಾತಾಡುತ್ತದಲ್ಲ, ಅದು ಇನ್ನೂ ಡ್ರಾಯರಿನಲ್ಲೇ ಇದೆಯಾ? "ಡಬ್ಬಿಯಲ್ಲಿ ಸಿಕ್ಕಿಹಾಕಿಕೊಂಡ ದುಂಬಿಯ ದನಿ" ಅಂತ ಬರೆದು ತೋರಿಸಿ ಒಳಗೆ ಹಾಕಿದ್ದಿರಿ. ಕೇಳಬಾರದಿತ್ತು. ಸಾರಿ.

ನಿಮ್ಮ
ಚಿಲಕ


ಆಗಸ್ಟ್ 21

ಅಮ್ಮ,

ಇದನ್ನು ಬೇಕೆಂದೇ ನಿನ್ನ ಕನ್ನಡಕದ ಅಂಗಡಿಯ ವಿಳಾಸಕ್ಕೆ ಹಾಕಿದ್ದೇನೆ. ಓದಿ ಅಲ್ಲೇ ಹರಿದುಬಿಡು.

ರೂಮ್‌ಮೇಟ್ ಆ ನಾಟಕ ನೋಡಿ ಬಂದಳು. ಕಣ್ಣು ಕೆಂಪಾಗಿತ್ತು. "ಕೊನೇಲಿ ಹಡಗು ಹೊರಡೋ ಮುಂಚೆ ಕಪ್ತಾನ ಮೈಕ್ ಹಿಡ್ಕೊಂಡು ಕೆಳಗೆ ಬರ್ತಾನೆ ಕಣೇ. ಜನರಲ್ಲಿ ಯಾರೋ ಒಬ್ಬರ ಮುಂದೆ ನಿಂತು, 'ಹಡಗು ಯಾರಿಗಾಗಿ ಕಾಯಬೇಕು?' ಅಂತಾನೆ. ಅವರು ಒಂದು ಹೆಸರು ಹೇಳ್ಬೇಕು. ಆ ಹೆಸರನ್ನೇ ಹಿಡ್ಕೊಂಡು ಎಲ್ಲಾ ಡೆಕ್ಕಿನೋರೂ ಹಾಡ್ತಾರೆ. ಗಿರಣಿ ಗೋಡೆನೇ ನಡುಗುತ್ತೆ!" ಅಂದಳು.

"ಅವರು ಹೇಳ್ದೇ ಇದ್ರೆ?"

"ಹೇಳೋವರೆಗೂ ಎಲ್ಲರೂ ಕಾಯ್ತಾರೆ. ಒಬ್ಬರೂ ಅಲ್ಲಾಡಲ್ಲ. ಇವತ್ತು ಒಬ್ಬರು ಎಷ್ಟೊತ್ತು ತಗೊಂಡ್ರು ಗೊತ್ತಾ?"

"ಎಂಥವರನ್ನ ಕೇಳ್ತಾನೆ?"

"ಒಂಟಿಯಾಗಿ ನಿಂತಿರೋ ವಯಸ್ಸಾದೋರನ್ನ ಅನ್ಸುತ್ತೆ. ಯಾಕೆ, ನಿನ್ನ ಮುಖ ಯಾಕೆ ಹಾಗಾಯ್ತು?"

ಅಮ್ಮ, ಅಪ್ಪ ಎಲ್ಲಿ ಹೋದರೂ ಕೈ ಹಿಂದೆ ಕಟ್ಟಿಕೊಂಡು ನಮ್ಮಿಂದ ನಾಲ್ಕು ಹೆಜ್ಜೆ ದೂರವೇ ನಿಲ್ಲುವುದು. ಆ ಕಪ್ತಾನನಿಗೆ ಬೇರೆ ಯಾರು ಕಾಣುತ್ತಾರೆ? ಎಲ್ಲರೂ ಸುಮ್ಮನಿರುವ ಜಾಗ ಅಂತ ಆರಿಸಿ ಆರಿಸಿ, ಒಬ್ಬರು ಮಾತ್ರ ಮಾತಾಡಲೇಬೇಕಾದ ಜಾಗಕ್ಕೆ ಅವರನ್ನು ಕರೆದಿದ್ದೇನೆ. ಮೂರು ದಿನ ಲೆಕ್ಚರಿನಲ್ಲಿ ಏನು ಹೇಳಿದರೋ ಕೇಳಿಸಲಿಲ್ಲ.

ಕೊನೆಗೆ ಸೀಟಿ ಮೇಡಂ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅದಕ್ಕೊಂದು ದಾರಿ ಇದೆಯಂತೆ. ಜೇಬಿನ ಮೇಲೆ ಬೂದು ರಿಬ್ಬನ್ ಚುಚ್ಚಿಕೊಂಡವರನ್ನು ನಟರು ಮುಟ್ಟುವುದಿಲ್ಲ, ಏನೂ ಕೇಳುವುದಿಲ್ಲ, ಪಕ್ಕದಿಂದ ಹಾದುಹೋಗುತ್ತಾರೆ. ಅಪ್ಪನ ಟಿಕೆಟ್ಟಿಗೆ ಅದನ್ನು ಬರೆಸಿ, ರಿಬ್ಬನ್ ಇಸಿದುಕೊಂಡು ಬಂದಿದ್ದೇನೆ. ಅಪ್ಪನಿಗೆ ಕಪ್ತಾನನ ವಿಷಯ ಹೇಳಬೇಡ. ರಿಬ್ಬನ್ ಯಾಕೆ ಅಂದರೆ ಹೊಗೆಗೆ ಅನ್ನೋಣ. ಕ್ಲಾಸಿನಲ್ಲಿ ನನ್ನ ಫೋನ್ ಯಾವಾಗಲೂ ಸೈಲೆಂಟ್ ಇರುತ್ತದೆ ಅಂತ ಮೇಡಂಗೆ ಮನೆಯ ನಂಬರ್ ಕೊಟ್ಟಿದ್ದೇನೆ. ಏನಾದರೂ ಇದ್ದರೆ ನಿನಗೆ ತಿಳಿಸುತ್ತಾರೆ.

ಸರಿ ಮಾಡಿದೆ ತಾನೇ? ಸರಿ ಅಂತ ಒಂದು ಸಲ ಹೇಳು.

ಚಿಲಕ


ಸೆಪ್ಟೆಂಬರ್ 9

ಮಗಳಿಗೆ,

ನಿನ್ನೆ ಬೆಳಗ್ಗೆ ಮನೆಗೆ ಫೋನ್ ಬಂತು. ನಿನ್ನಮ್ಮ ಅಂಗಡಿಗೆ ಹೋಗಿದ್ದಳು. ಅಜ್ಜಿ ತೆಗೆದಳು. ಅವಳ ಕಿವಿ ಮಂದ, ಆದ್ದರಿಂದ ನಮ್ಮ ಮನೆಯಲ್ಲಿ ಎಲ್ಲ ಫೋನೂ ಸ್ಪೀಕರಿನಲ್ಲೇ ಅನ್ನುವುದು ನಿನಗೆ ಮರೆತಿರಬೇಕು. ನಾನು ಎದುರಿಗೇ ಕೂತು ಗಡ್ಡ ಮಾಡಿಕೊಳ್ಳುತ್ತಿದ್ದೆ.

ಆ ಕಡೆಯ ಹೆಂಗಸು ಒಳ್ಳೆಯವರೇ. "ನಿಮ್ಮಲ್ಲಿ ಮಾತು ಬಾರದವರು ಒಬ್ಬರು ಬರ್ತಿದ್ದಾರಲ್ಲ, ಏನೂ ಗಾಬರಿ ಬೇಡ ಅಂತ ಹೇಳೋಕೆ ಮಾಡ್ದೆ. ನಿಮ್ಮ ಮೊಮ್ಮಗಳು ಎಲ್ಲಾ ಹೇಳಿದ್ದಾಳೆ. ರಿಬ್ಬನ್ ಹಾಕಿದ್ರೆ ನಮ್ಮ ನಟರ ಪಾಲಿಗೆ ಅವರು ಒಂದು ಗೋಡೆ ಇದ್ದ ಹಾಗೆ" ಅಂದರು.

ಅಜ್ಜಿ ಹೇಳಿದಳು: "ಮಾತು ಬಾರದವರು ಯಾರೂ ಇಲ್ಲ ಇಲ್ಲಿ. ನನ್ನ ಮಗ ಬಸ್‌ಸ್ಟ್ಯಾಂಡಲ್ಲಿ ಅನೌನ್ಸರು!"

ಹೇಳಿ ನನ್ನ ಮುಖ ನೋಡಿದಳು. ಅರ್ಧ ಕೆನ್ನೆಗೆ ನೊರೆ ಇತ್ತು. ಆಮೇಲೆ ಅವಳು ಫೋನ್ ಇಟ್ಟು ಅಡುಗೆಮನೆಗೆ ಹೋದಳು. ಮಧ್ಯಾಹ್ನದವರೆಗೆ ಹೊರಗೆ ಬರಲಿಲ್ಲ.

ಹೊಗೆಯ ವಿಷಯ ಕೇಳಿದ್ದು ಸರಿ. ಅದನ್ನು ಕೇಳೆಂದು ನಾನೇ ಹೇಳಿದ್ದೆ. ಇದನ್ನು ಯಾರು ಹೇಳಿದರು? ಹೋಗಿರುವುದು ನನ್ನ ದನಿ. ನನ್ನ ಪರವಾಗಿ ಮಾತಾಡಲು ನಾನು ಯಾರನ್ನೂ ನೇಮಿಸಿಲ್ಲ.

ನವೆಂಬರಿಗೆ ನೀವು ಮೂವರು ಹೋಗಿ ಬನ್ನಿ.

ಅಪ್ಪ


ಸೆಪ್ಟೆಂಬರ್ 14

ಅಪ್ಪ,

ತಪ್ಪಾಯಿತು. ಯಾಕೆ ಹಾಗೆ ಮಾಡಿದೆ ಅಂತ ಆರು ಪುಟ ಬರೆದೆ. ಓದಿ ನೋಡಿದರೆ ಪ್ರತಿ ಪುಟದಲ್ಲೂ ನನ್ನ ಭಯವೇ ಇತ್ತು, ನೀವು ಎಲ್ಲೂ ಇರಲಿಲ್ಲ. ಅದನ್ನು ಕಳಿಸುತ್ತಿಲ್ಲ.

ನೀವಿಲ್ಲದೆ ನಾವು ಮೂವರು ಹೋಗುವುದಿಲ್ಲ. ಇದು ಹಠ ಅಲ್ಲ. ಅಜ್ಜಿಯೇ ಹಾಗಂದಳಂತೆ.

ಚಿಲಕ


ಅಕ್ಟೋಬರ್ 2

ಅಪ್ಪ,

ಪತ್ರ ಸಿಕ್ಕಿತೇ? ಪೋಸ್ಟ್‌ಮ್ಯಾನ್ ತಪ್ಪು ಮನೆಗೆ ಹಾಕಿದನೇನೋ ಅಂತ ಕೇಳುತ್ತಿದ್ದೇನೆ, ಅಷ್ಟೇ. ಅವನು ಯಾವತ್ತೂ ತಪ್ಪು ಮನೆಗೆ ಹಾಕಿದವನಲ್ಲ ಅಂತ ನನಗೂ ಗೊತ್ತು.

ಪರೀಕ್ಷೆ ಶುರುವಾಯಿತು. ಪರವಾಗಿಲ್ಲ.

ಚಿಲಕ


ಅಕ್ಟೋಬರ್ 11

ನನ್ನ ಚಿಲಕವೇ,

ಅಂಗಡಿಯಲ್ಲಿ ಕೂತು ಬರೀತಿದ್ದೀನಿ. ಗಿರಾಕಿ ಬಂದಾಗಲೆಲ್ಲ ಎದ್ದು ಹೋಗಿದ್ದೀನಿ, ಅಲ್ಲಲ್ಲಿ ಸಾಲು ತಪ್ಪಿದ್ದರೆ ನೀನೇ ಜೋಡಿಸಿಕೋ.

ನಿನ್ನ ಎರಡು ಪತ್ರವೂ ಅಪ್ಪನ ದಿಂಬಿನ ಕೆಳಗಿವೆ. ಸಿಟ್ಟಿನವರು ಪತ್ರವನ್ನು ದಿಂಬಿನ ಕೆಳಗೆ ಇಟ್ಟುಕೊಳ್ತಾರಾ? ಅಳಬೇಡ.

ಒಂದು ವಿಷಯ ಹೇಳ್ತೀನಿ, ನಾನು ಹೇಳಿದೆ ಅನ್ನಬೇಡ. ಈಚೆಗೆ ಅವರ ಸ್ನಾನ ಮುಗಿಯುವುದೇ ಇಲ್ಲ. ನಲ್ಲಿ ಸುರೀತಾನೇ ಇರುತ್ತೆ. ಅಜ್ಜಿ ಬಾಗಿಲು ಬಡಿದು, "ಏನೋ, ಟ್ಯಾಂಕ್ ಖಾಲಿ ಮಾಡ್ತೀಯಾ? ಒಳಗೆ ಎಮ್ಮೆ ತೊಳೀತಿದ್ದೀಯಾ?" ಅಂತಾಳೆ. ಮೊನ್ನೆ ಡ್ರಾಯರ್ ತೆಗೆದರೆ ಆ ಯಂತ್ರ ಇರಲಿಲ್ಲ. ನನಗೆ ತಡೆಯಲಿಲ್ಲ ಕಣೇ. ಬಾಗಿಲಿಗೆ ಕಿವಿ ಇಟ್ಟೆ.

ನೀರಿನ ಸದ್ದಿನ ಒಳಗಿಂದ ಗುಂಯ್ ಅಂತ ಒಂದು ದನಿ. ಏರಿಲ್ಲ, ಇಳಿವಿಲ್ಲ. "ಪ್ರಯಾಣಿಕರ ಗಮನಕ್ಕೆ." ನಿಂತಿತು. ಮತ್ತೆ ಮೊದಲಿಂದ. ಎಲ್ಲೋ ಒಂದು ಕಡೆ ಯಂತ್ರ ಜಾರುತ್ತೆ ಅನ್ನಿಸುತ್ತೆ, ಅಲ್ಲಿ ಮಾತು ಹರಿದುಹೋಗುತ್ತೆ. ಮತ್ತೆ ಮೊದಲಿಂದ. ಕೊನೆಗೆ ಪೂರ್ತಿ ಬಂತು. "ತಲುಪಿದ ಕೂಡಲೇ ಊಟ ಮಾಡಿ."

ಆ ಸಾಲನ್ನು ಎಲ್ಲ ಬಸ್ಸಿಗೂ ಹೇಳ್ತಿದ್ದರು ಅಂತ ಬರೆದಿದ್ದೆಯಲ್ಲ, ಪೆದ್ದಿ. ನೀನು ಕೇಳಿದ್ದು ನಿನ್ನ ಬಸ್ಸಿನದನ್ನು ಮಾತ್ರ. ಬೇರೆ ಯಾವ ಬಸ್ಸಿಗೂ ಆ ಮಾತು ಇರಲಿಲ್ಲ. ನೀನು ಹೋಗುವ ದಿನ, ಆ ಒಂದು ಬಸ್ಸಿಗೆ, ಅಷ್ಟೇ. ಸ್ಟ್ಯಾಂಡಿನ ಮ್ಯಾನೇಜರು ಕರೆದು, "ಇದು ಬಸ್‌ಸ್ಟ್ಯಾಂಡು ಕಣ್ರೀ, ನಿಮ್ಮ ಮನೆ ಅಡುಗೆಮನೆ ಅಲ್ಲ" ಅಂತ ಬೈದೂ ಇದ್ದರು. ಮುಂದಿನ ರಜಕ್ಕೆ ನಿಮ್ಮಪ್ಪ ಮತ್ತೆ ಹೇಳಿದರು.

ನಿನ್ನೆ ಅವರು ಸ್ಲೇಟಿನಲ್ಲಿ ಬರೆದು ಕೇಳಿದರು: "ಆ ಹಡಗಿನಲ್ಲಿ ನನ್ನನ್ನು ಏನು ಕೇಳುತ್ತಾರೆ ಅಂತ ಅವಳು ಹೆದರಿದ್ದು?" ನನಗೆ ಸುಳ್ಳು ಹೇಳೋಕೆ ಬರಲ್ಲ. ಕಪ್ತಾನನ ಪ್ರಶ್ನೆ ಹೇಳಿಬಿಟ್ಟೆ. ಸ್ಲೇಟು ಒರೆಸಿಕೊಂಡು ಎದ್ದು ಹೋದರು.

ಗಿರಾಕಿ ಬಂದರು. ಇಡ್ತೀನಿ.

ಅಮ್ಮ


ಅಕ್ಟೋಬರ್ 25

ಚಿಲಕಕ್ಕೆ,

ನಿನ್ನಮ್ಮ ಬಾತ್‌ರೂಮಿನ ಬಾಗಿಲಿಗೆ ಕಿವಿ ಇಡುವವಳು ಅಂತ ಮದುವೆಗೆ ಮುಂಚೆ ನನಗೆ ಯಾರೂ ಹೇಳಲಿಲ್ಲ. ಅವಳೇ ಒಪ್ಪಿಕೊಂಡಳು. ಎರಡು ದಿನವೂ ಗುಟ್ಟು ಹೊಟ್ಟೆಯಲ್ಲಿ ನಿಲ್ಲಲಿಲ್ಲ.

ನಲ್ಲಿ ಬಿಟ್ಟುಕೊಂಡದ್ದು ನಿಮಗೆ ಕೇಳಿಸದಿರಲಿ ಅಂತಲ್ಲ, ನನಗೇ ಕೇಳಿಸದಿರಲಿ ಅಂತ. ಈಗ ನಲ್ಲಿ ಸಣ್ಣಗೆ ಬಿಡುತ್ತೇನೆ.

ಕಪ್ತಾನನ ಪ್ರಶ್ನೆ ಕೇಳಿದಾಗಿನಿಂದ ಒಂದೇ ಯೋಚನೆ. ಕೆಲಸಕ್ಕೆ ಸೇರಿದ ದಿನದಿಂದ ನಾನು ಮೈಕಿನಲ್ಲಿ ಹೇಳಿದ್ದು "ಬರುತ್ತಿದೆ", "ಹೊರಡಲಿದೆ", "ಹೊರಟಿದೆ", ಅಷ್ಟೇ. ಕಾಯಿರಿ ಅಂತ ಹೇಳುವ ಅಧಿಕಾರ ನನಗೆ ಒಂದು ದಿನವೂ ಇರಲಿಲ್ಲ. ಅದು ಡ್ರೈವರಿನದು, ಮ್ಯಾನೇಜರಿನದು. ನಿನ್ನನ್ನು ಮೊದಲ ಸಲ ಹಾಸ್ಟೆಲ್ಲಿಗೆ ಕಳಿಸಿದ ಬೆಳಗ್ಗೆ ಗಾಜಿನ ಕೋಣೆಯಿಂದ ನೀನು ಕಾಣುತ್ತಿದ್ದೆ. ಬಸ್ಸಿನ ಕಿಟಕಿಗೆ ಮೂಗು ಒತ್ತಿಕೊಂಡು ಮೈಕಿನ ಕಂಬ ನೋಡುತ್ತಿದ್ದೆ, ಅಪ್ಪ ಆ ಕಂಬದೊಳಗಿದ್ದಾನೆ ಅನ್ನುವ ಹಾಗೆ. ನಾನು "ಹೊರಟಿದೆ" ಅಂದೆ. ಊಟದ ಮಾತು ಸೇರಿಸಿದೆ. ನನ್ನ ಕೈಲಿ ಸೇರಿಸಲಾಗಿದ್ದು ಅಷ್ಟೇ.

ಈಗ ಯಾವನೋ ಒಬ್ಬ ಕಪ್ತಾನ, ವೇಷದವನೇ ಇರಲಿ, ಹಡಗು ನಿಲ್ಲಿಸಿಕೊಂಡು ಕೇಳುತ್ತಾನಂತೆ, ಯಾರಿಗಾಗಿ ಕಾಯಬೇಕು ಅಂತ. ನನ್ನನ್ನು ಕೇಳದೆಯೂ ಇರಬಹುದು. ಅಷ್ಟು ಜನರಲ್ಲಿ ನಾನೇ ಯಾಕೆ? ಆದರೆ ಕೇಳಬಹುದಾದವರಲ್ಲಿ ನಾನೂ ಒಬ್ಬನಿರಬೇಕು. ಗೋಡೆಯಾಗಿ ಬರಲು ನನಗೆ ಇಷ್ಟವಿಲ್ಲ.

ಆ ರಿಬ್ಬನ್ ವಾಪಸ್ ಕೊಡು. ಕೊಟ್ಟೆ ಅಂತ ಬರೆ. ಬರುತ್ತೇನೋ ಇಲ್ಲವೋ ಆಮೇಲೆ ಹೇಳುತ್ತೇನೆ. ನನಗೂ ಭಯ ಇದೆ, ನಿನಗೊಬ್ಬಳಿಗೇ ಅಲ್ಲ.

ಇನ್ನೊಂದು ಮಾತು. ಅಕಸ್ಮಾತ್ ಅವನು ಕೇಳಿ, ಯಂತ್ರ ಜಾರಿ, ಜನ ನಕ್ಕರೂ ನೀನು ಬಾಯಿ ತೆರೆಯಕೂಡದು. ಒಪ್ಪಿಗೆಯೋ?

ಅಪ್ಪ


ನವೆಂಬರ್ 1

ಪ್ರೀತಿಯ ಅಪ್ಪ,

ಕೊಟ್ಟೆ.

ಸೀಟಿ ಮೇಡಂ ರಿಬ್ಬನ್ ಕೈಯಲ್ಲಿ ಹಿಡಿದು, "ಯೋಚನೆ ಮಾಡಿದ್ದೀಯಾ?" ಅಂದರು. "ನಾನಲ್ಲ, ಅಪ್ಪ ಮಾಡಿದ್ದಾರೆ" ಅಂದೆ. ನಿಮ್ಮ ಟಿಕೆಟ್ಟಿನ ಮೇಲೆ ಬರೆದದ್ದನ್ನು ನನ್ನೆದುರಿಗೇ ಹೊಡೆದುಹಾಕಿದರು. ಆಮೇಲೆ ದನಿ ತಗ್ಗಿಸಿ, "ಹಾಗಿದ್ರೆ ಒಂದು ಕೆಲಸ ಮಾಡ್ಲಾ? ಅವತ್ತು ನಿಮ್ಮಪ್ಪನ್ನೇ ಕೇಳು ಅಂತ ಕಪ್ತಾನಂಗೆ ಒಂದು ಮಾತು ಹೇಳಿಡ್ಲಾ? ಇಲ್ಲಾಂದ್ರೆ ಅವನು ಬೇರೆ ಯಾರ ಹತ್ರಾನೋ ಹೋಗ್ಬಿಡ್ತಾನೆ" ಅಂದರು.

ಅಪ್ಪ, ಹೂಂ ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ನೀವು ನಾಲ್ಕು ಹೆಜ್ಜೆ ದೂರ ನಿಲ್ಲುತ್ತೀರಿ, ಕತ್ತಿಗೆ ಬಟ್ಟೆ ಸುತ್ತಿರುತ್ತೀರಿ ಅಂತ ಗುರುತು ಹೇಳುವುದೂ ಮನಸ್ಸಿನಲ್ಲಿ ತಯಾರಾಗಿತ್ತು.

"ಬೇಡ ಮೇಡಂ. ಏನೂ ಹೇಳಬೇಡಿ" ಅಂದೆ.

ಅಲ್ಲಿಂದ ಗೇಟಿನವರೆಗೆ ಬರುವಷ್ಟರಲ್ಲಿ ಎರಡು ಸಲ ತಿರುಗಿ ನೋಡಿದೆ. ಮೂರನೇ ಸಲ ನೋಡಲಿಲ್ಲ.

ಭಯ ಹೋಗಿಲ್ಲ. ಬಸ್ಸಿನ ಭಯ ಇದೆ, ಹೊಗೆಯ ಭಯ ಇದೆ, ಅಜ್ಜಿಯ ಭಯವಂತೂ ಇದ್ದೇ ಇದೆ. (ತಿಂಡಿ ಕೊಡುತ್ತಾರಂತೆ, ಅವಳಿಗೆ ಹೇಳಿ. ಬಿಸ್ಕತ್ತು ಅಂತ ಮಾತ್ರ ಹೇಳಬೇಡಿ.) ಬಾಗಿಲಲ್ಲಿ ಬಣ್ಣದ ಚೀಟಿ ಕೊಟ್ಟು, ಕೊನೆಯ ಹಾಡಿಗೆ ಒಬ್ಬೊಬ್ಬರನ್ನು ಒಂದೊಂದು ಡೆಕ್ಕಿಗೆ ಕಳಿಸುತ್ತಾರಂತೆ. ನಾಲ್ವರನ್ನೂ ಒಂದೇ ಕಡೆ ಹಾಕಿ ಅಂತ ಬೇಡಿಕೊಳ್ಳೋಣ ಅಂದುಕೊಂಡಿದ್ದೆ. ಅದನ್ನೂ ಬಿಟ್ಟೆ. ನಾನು ಯಾವ ಡೆಕ್ಕಿನಲ್ಲಿದ್ದರೂ ಕಪ್ತಾನನ ಮೈಕ್ ಕೇಳಿಸುತ್ತದಂತೆ. ದನಿ ಯಾವುದೇ ಇರಲಿ, ನೀವು ಮೈಕಿನಲ್ಲಿ ಬಂದರೆ ನನಗೆ ಗೊತ್ತಾಗುತ್ತದೆ. ಬೇರೆಯವರನ್ನು ಕೇಳಿದರೆ ಅವರು ಹೇಳುವ ಹೆಸರನ್ನು ಕೇಳಿಸಿಕೊಂಡು ಬರೋಣ.

ಬಾಯಿ ತೆರೆಯುವುದಿಲ್ಲ. ಒಪ್ಪಿಗೆ.

ಇಷ್ಟು ವರ್ಷ ಆ ಸಾಲಿಗೆ ನಾನು ಉತ್ತರ ಕೊಟ್ಟಿರಲಿಲ್ಲ, ಅದು ಎಲ್ಲರಿಗೂ ಹೇಳಿದ್ದು ಅಂದುಕೊಂಡಿದ್ದೆ. ಅಪ್ಪ, ನಾನು ಪ್ರತಿ ಸಲವೂ ತಲುಪಿದ ಕೂಡಲೇ ಊಟ ಮಾಡಿದ್ದೇನೆ. ಇವತ್ತೂ ಆಯಿತು.

ಮೂವರೋ ನಾಲ್ವರೋ ಅಂತ ಶುಕ್ರವಾರದೊಳಗೆ ಸೀಟಿ ಮೇಡಂಗೆ ಹೇಳಬೇಕು. ಬರುತ್ತೀರಾ? ಬೇಗ ಬರೆಯಿರಿ.

ನಿಮ್ಮ
ಚಿಲಕ